ಹಿರಿಯರ ಲೈಸೆನ್ಸ್: ಸಹಿಯಷ್ಟೇ ಸಾಲದು, ಕಣ್ಣೂ ನೋಡಬೇಕು

ಸುಬಹಿ ಬಾಂಗ್ ಆಗುವ ಹೊತ್ತಿಗೆ ಬೀದಿಯಲ್ಲಿ ಒಂದು ಸ್ಕೂಟರ್ ಸ್ಟಾರ್ಟ್ ಆಗುತ್ತದೆ. ಯಾರದ್ದೆಂದು ಎದ್ದು ನೋಡಬೇಕಾಗಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತದೆ. ಎಪ್ಪತ್ತೈದು ದಾಟಿದ ಹಾಜಿಯವರು ಮಸೀದಿಗೆ ಹೊರಟಿದ್ದಾರೆ. ಪಕ್ಕದ ಮನೆಯ ಹುಡುಗ "ನಾನು ಬಿಡ್ತೇನೆ ಹಾಜಾಕ" ಅಂದರೆ ಒಪ್ಪುವುದಿಲ್ಲ. "ನಲ್ವತ್ತು ವರ್ಷ ಗಾಡಿ ಬಿಟ್ಟವನು ನಾನು. ಲೈಸೆನ್ಸ್ ಇನ್ನೂ ನಾಲ್ಕು ವರ್ಷ ಉಂಟು ಮಾರಾಯ" ಅನ್ನುತ್ತಾರೆ. ಎದುರಿನಿಂದ ಬರುವ ಗಾಡಿಯ ಲೈಟ್ ಬಿದ್ದಾಗ ಕಣ್ಣು ಮಂಜಾಗುತ್ತದೆ ಎಂಬುದನ್ನು ಅವರು ಯಾರಿಗೂ ಹೇಳಿಲ್ಲ. ಮನೆಯವರೂ ಕೇಳಿಲ್ಲ.

ಇಂಥ ಒಬ್ಬರು ನಮ್ಮ ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಘಟ್ಟ ಹತ್ತಿ ಬಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇಕರಿಯೋ ಬಟ್ಟೆಯಂಗಡಿಯೋ ಇಟ್ಟು ನೆಲೆಸಿದ ಮನೆಗಳಿಗಂತೂ ಈ ಮಾತು ಇನ್ನೂ ಹತ್ತಿರದ್ದು. ಮಕ್ಕಳು ದುಬೈ, ದಮ್ಮಾಮ್‌ನಲ್ಲಿ. ಮನೆಯಲ್ಲಿ ಗಾಡಿ ಬಿಡಲು ಬರುವುದು ಉಪ್ಪನಿಗೊಬ್ಬರಿಗೇ. ಉಮ್ಮನನ್ನು ವಿಜಯಪುರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವವರೂ ಅವರೇ, ಅಂಗಡಿಗೆ ಮಾಲು ತರುವವರೂ ಅವರೇ. ಹೀಗಿರುವಾಗ "ವಯಸ್ಸಾದವರಿಗೆ ಮತ್ತೆ ಡ್ರೈವಿಂಗ್ ಟೆಸ್ಟ್ ಇಡಬೇಕೆ?" ಎಂದು ಯಾರಾದರೂ ಕೇಳಿದರೆ ಮನೆಯೊಳಗೆ ಎರಡು ಪಕ್ಷಗಳಾಗುತ್ತವೆ. ಒಂದು, "ಇಡಲೇಬೇಕು, ಜೀವದ ಪ್ರಶ್ನೆ" ಅನ್ನುತ್ತದೆ. ಇನ್ನೊಂದು, "ಇದು ಹಿರಿಯರಿಗೆ ಮಾಡುವ ಅವಮಾನ" ಅನ್ನುತ್ತದೆ. ಎರಡರಲ್ಲೂ ಸತ್ಯವಿದೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ನೋಡೋಣ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲೈಸೆನ್ಸ್‌ಗೆ ಮೇಲ್ಮಿತಿಯ ವಯಸ್ಸು ಎಂಬುದಿಲ್ಲ. 2019ರ ತಿದ್ದುಪಡಿಯ ನಂತರ 50ರಿಂದ 55ರೊಳಗಿನವರಿಗೆ 60 ತುಂಬುವವರೆಗೆ, 55 ದಾಟಿದವರಿಗೆ ಐದೈದು ವರ್ಷಕ್ಕೆ ಲೈಸೆನ್ಸ್ ಸಿಗುತ್ತದೆ. 40 ದಾಟಿದ ಯಾರೇ ಆಗಲಿ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ನಮೂನೆ 1ಎ ಅನ್ನುತ್ತಾರೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ತೀವ್ರ ಬಣ್ಣಗುರುಡು ಇದೆಯೇ, ಇರುಳುಗಣ್ಣು ಇದೆಯೇ, ಹಾರ್ನ್ ಕೇಳದಷ್ಟು ಕಿವಿ ಮಂದವಾಗಿದೆಯೇ ಎಂದೆಲ್ಲ ಅದರಲ್ಲಿ ಪ್ರಶ್ನೆಗಳಿವೆ. ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. ಒಂದು ವರ್ಷ ಮೀರಿದರೆ ಮಾತ್ರ ಹೊಸದಾಗಿ ಟೆಸ್ಟ್.

ಅಂದರೆ ಹಿರಿಯರನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸುವ ದಾರಿ ನಮ್ಮ ಕಾನೂನಿನಲ್ಲಿ ಆಗಲೇ ಇದೆ. ತೊಂದರೆ ಇರುವುದು ಆ ಪರೀಕ್ಷೆ ನಡೆಯುವ ರೀತಿಯಲ್ಲಿ.

ಅದು ಹೇಗೆ ನಡೆಯುತ್ತದೆ ಎಂಬುದು ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಏಜೆಂಟರ ಕೈಯಲ್ಲಿ ಫಾರ್ಮು. ಡಾಕ್ಟರ ಮೇಜಿನ ಮುಂದೆ ರೋಗಿಗಳ ಸಾಲು. "ಸಾಹೇಬ್ರ, ಕಣ್ಣು ಛಲೋ ಕಾಣಸ್ತಾವಲ್ಲ?" ಅಂತ ಒಂದು ಮಾತು. "ಕಾಣಸ್ತಾವ್ರೀ" ಅಂತ ಒಂದು ಉತ್ತರ. ಸಹಿ, ಸೀಲು, ಮುಗಿಯಿತು. ಎಷ್ಟೋ ಸಲ ಅರ್ಜಿದಾರ ಅಲ್ಲಿಗೆ ಹೋಗಿರುವುದೂ ಇಲ್ಲ, ಫಾರ್ಮು ಮಾತ್ರ ಹೋಗಿ ಬಂದಿರುತ್ತದೆ. 25 ಮೀಟರ್ ದೂರದ ನಂಬರ್ ಪ್ಲೇಟ್ ಅನ್ನು ನೋಡಿದವರು ಯಾರು, ತೋರಿಸಿದವರು ಯಾರು? 78ರ ವಯಸ್ಸಿನಲ್ಲಿ ಹೀಗೊಂದು ಸಹಿ ಬಿದ್ದರೆ 83ರವರೆಗೆ ಯಾರೂ ಕೇಳುವವರಿಲ್ಲ. ಆ ಐದು ವರ್ಷಗಳಲ್ಲಿ ಕಣ್ಣು, ಕಿವಿ, ಮೊಣಕಾಲು, ನೆನಪು ಎಲ್ಲವೂ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಲೈಸೆನ್ಸ್ ಕಾರ್ಡಿನ ಮೇಲಿನ ಫೋಟೋ ಮಾತ್ರ.

ಹಾಗಂತ ಅಪಘಾತಗಳಿಗೆಲ್ಲ ಹಿರಿಯರೇ ಕಾರಣ ಅನ್ನುವುದು ಶುದ್ಧ ಅನ್ಯಾಯ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಮೂರನೇ ಎರಡು ಭಾಗ 18ರಿಂದ 45ರ ವಯಸ್ಸಿನವರು. ಹತ್ತು ಸಾವಿನಲ್ಲಿ ಏಳಕ್ಕೆ ಅತಿವೇಗ ಕಾರಣ. ವೇಗದ ಹುಚ್ಚು ಎಪ್ಪತ್ತರ ಅಜ್ಜನದ್ದಲ್ಲ, ಇಪ್ಪತ್ತರ ಮೊಮ್ಮಗನದ್ದು. ಹಿರಿಯ ಚಾಲಕರು ನಿಧಾನ ಹೋಗುತ್ತಾರೆ, ಕುಡಿದು ಓಡಿಸುವುದಿಲ್ಲ, ಮೊಬೈಲ್ ನೋಡುತ್ತ ಓಡಿಸುವುದೂ ಕಡಿಮೆ. ಆದ್ದರಿಂದ ವಯಸ್ಸೊಂದನ್ನೇ ಅಪರಾಧವೆಂದು ಎಣಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಟೆಸ್ಟ್‌ಗೆ ನಮ್ಮ ಒಪ್ಪಿಗೆ ಇಲ್ಲ.

ಆದರೆ ಹಿರಿಯರ ಅಪಾಯ ಬೇರೆ ಬಗೆಯದು. ಅದು ನಡತೆಯಿಂದ ಬರುವುದಲ್ಲ, ದೇಹದಿಂದ ಬರುವುದು. ಕಣ್ಣಿನ ಪೊರೆಯನ್ನೇ ತೆಗೆದುಕೊಳ್ಳಿ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ದಾಟಿದವರ ಕುರುಡುತನಕ್ಕೆ ಶೇ. 66ರಷ್ಟು ಪೊರೆಯೇ ಕಾರಣವೆಂದು ಕಂಡುಬಂತು. ಪೊರೆ ಬರುವುದು ಒಂದೇ ದಿನದಲ್ಲಲ್ಲ. ಹಗಲು ಎಲ್ಲವೂ ಸರಿಯಾಗಿ ಕಾಣುತ್ತದೆ, ರಾತ್ರಿ ಎದುರಿನ ಲೈಟ್ ಬಿದ್ದಾಗ ಮಾತ್ರ ಕಣ್ಣು ಕುಕ್ಕುತ್ತದೆ. ಗ್ಲಾಕೋಮಾ ಇದ್ದವರಿಗೆ ಮುಂದಿನದು ಕಾಣುತ್ತದೆ, ಪಕ್ಕದಿಂದ ಓಡಿಬರುವ ಮಗು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ನಮ್ಮ ಮನೆಗಳಿಗೆ ಹೊಸತಲ್ಲ. ಅದು ಕಣ್ಣಿನ ಒಳಪದರವನ್ನು ಸದ್ದಿಲ್ಲದೆ ತಿನ್ನುತ್ತದೆ, ಪಾದದ ಸ್ಪರ್ಶವನ್ನೂ ಕಸಿಯುತ್ತದೆ. ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಎಂದು ಕಾಲಿಗೇ ಗೊತ್ತಾಗದ ಸ್ಥಿತಿ ಬರಬಹುದು.

ಇದಕ್ಕೆ ನಮ್ಮ ಕಡೆಯ ರಸ್ತೆಗಳನ್ನೂ ಸೇರಿಸಿ ನೋಡಿ. ಕಬ್ಬಿನ ಹಂಗಾಮಿನಲ್ಲಿ ಇಂಡಿ, ಸಿಂದಗಿ ಕಡೆ ರಾತ್ರಿ ಗಾಡಿ ಬಿಟ್ಟವರಿಗೆ ಗೊತ್ತು: ಹಿಂದೆ ಲೈಟೂ ಇಲ್ಲದ, ಕೆಂಪು ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಹತ್ತಿರ ಬರುವವರೆಗೆ ಕಣ್ಣು ಸರಿ ಇದ್ದವರಿಗೇ ಕಾಣುವುದಿಲ್ಲ. ಪೊರೆ ಬಂದ ಕಣ್ಣಿಗೆ ಹೇಗೆ ಕಂಡೀತು? ಪೆರ್ನಾಳ್‌ಗೆ ಊರಿಗೆ ಹೊರಟರೆ ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಕರಾವಳಿ ಹೆದ್ದಾರಿ. ಹಿಂದಿನ ಸೀಟಿನಲ್ಲಿ ಉಮ್ಮ, ಸೊಸೆ, ಮೊಮ್ಮಕ್ಕಳು. ಉಪ್ಪನ ಕಣ್ಣು ಅಷ್ಟೂ ಜನರ ಜೀವದ ಅಮಾನತ್ತು. ಎದುರಿನಿಂದ ಬರುವವರದ್ದೂ ಹೌದು.

ಬೇರೆ ದೇಶಗಳು ಏನು ಮಾಡಿವೆ? ಜಪಾನಿನ ಟೋಕಿಯೊದಲ್ಲಿ 2019ರ ಏಪ್ರಿಲ್‌ನಲ್ಲಿ 87 ವರ್ಷದ ಚಾಲಕರೊಬ್ಬರು ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದು, ಸೈಕಲ್‌ನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗಳು ಸತ್ತರು. ದೇಶವೇ ನಡುಗಿತು. ಆ ವರ್ಷ ಸುಮಾರು 6 ಲಕ್ಷ ಜನ ತಾವಾಗಿಯೇ ಲೈಸೆನ್ಸ್ ಹಿಂದಿರುಗಿಸಿದರು, ಹೆಚ್ಚಿನವರು ಹಿರಿಯರು. 75 ದಾಟಿದವರಿಗೆ ಅಲ್ಲಿ ನೆನಪು-ತಿಳಿವಳಿಕೆಯ ಪರೀಕ್ಷೆ ಮೊದಲೇ ಇತ್ತು. 2022ರಿಂದ, ನಿಯಮ ಮುರಿದ ದಾಖಲೆ ಇರುವ 75 ದಾಟಿದವರು ಗಾಡಿ ಓಡಿಸಿಯೂ ತೋರಿಸಬೇಕು. ಎಲ್ಲರೂ ಅಲ್ಲ, ಅನುಮಾನ ಇರುವವರು ಮಾತ್ರ ಎಂಬುದನ್ನು ಗಮನಿಸಿ.

ಡೆನ್ಮಾರ್ಕ್‌ನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ 70 ದಾಟಿದ ಎಲ್ಲರಿಗೂ ಬುದ್ಧಿಶಕ್ತಿಯ ಪರೀಕ್ಷೆ ಇಟ್ಟರು. 2012ರಲ್ಲಿ ಪ್ರಕಟವಾದ ಅಧ್ಯಯನ ಏನು ಹೇಳಿತೆಂದರೆ, ಹಿರಿಯ ಚಾಲಕರ ಸಾವು ಕಡಿಮೆಯಾಗಲಿಲ್ಲ, ಬದಲಿಗೆ ನಡೆದು, ಸೈಕಲ್‌ನಲ್ಲಿ ಹೋಗಿ ಅಪಘಾತದಲ್ಲಿ ಸತ್ತ ಹಿರಿಯರ ಸಂಖ್ಯೆ ಏರಿತು. ಕಾರಿನ ಕೀ ಕಿತ್ತುಕೊಂಡು ಬೇರೆ ದಾರಿ ಕೊಡದಿದ್ದರೆ ಹಿರಿಯರು ಮನೆಯಲ್ಲಿ ಕೂರುವುದಿಲ್ಲ, ಇನ್ನೂ ಅಪಾಯದ ದಾರಿ ಹಿಡಿಯುತ್ತಾರೆ. ನಮ್ಮಲ್ಲಿ ಕಾರು ಬಿಟ್ಟ ಅಜ್ಜ ಮೊಪೆಡ್ ಹತ್ತುತ್ತಾರೆ, ಅಷ್ಟೆ.

ಇಷ್ಟು ದೂರ ಹೋಗುವುದೂ ಬೇಡ. ದುಬೈಯಲ್ಲಿ ದುಡಿದು ಬಂದ ನಮ್ಮವರನ್ನೇ ಕೇಳಿ. ಅಲ್ಲಿ ಲೈಸೆನ್ಸ್ ನವೀಕರಿಸಬೇಕಾದರೆ ಕನ್ನಡಕದ ಅಂಗಡಿಗೆ ಹೋಗಿ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಐದು-ಹತ್ತು ನಿಮಿಷದ ಕೆಲಸ. ಅದನ್ನು ಅವಮಾನ ಅಂತ ಅಲ್ಲಿ ಯಾರೂ ಅಂದುಕೊಂಡಿಲ್ಲ. ಅಲ್ಲಿ ಮೂವತ್ತು ವರ್ಷ ಪಾಲಿಸಿದ ಶಿಸ್ತು ಊರಿಗೆ ಬಂದ ಕೂಡಲೇ ಏಕೆ ಭಾರವಾಗಬೇಕು?

ಹಾಗಾದರೆ ನಮ್ಮ ಅಭಿಪ್ರಾಯ ಇದು. ಮೊದಲನೆಯದಾಗಿ, 70 ದಾಟಿದವರಿಗೆ ಐದು ವರ್ಷದ ಬದಲು ಎರಡು ಅಥವಾ ಮೂರು ವರ್ಷಕ್ಕೊಮ್ಮೆ ನಿಜವಾದ ತಪಾಸಣೆ ಆಗಲಿ. ನೇರ ದೃಷ್ಟಿ, ಪಕ್ಕದ ದೃಷ್ಟಿ, ಕಿವಿ, ಸಕ್ಕರೆ, ಕೈಕಾಲಿನ ಚಲನೆ ಎಲ್ಲವನ್ನೂ ನೋಡಿ, ಅಳತೆ ಬರೆದು ಸಹಿ ಹಾಕಲಿ. ಎರಡನೆಯದು, ಇದು ತಾಲೂಕು ಆಸ್ಪತ್ರೆಯಲ್ಲೇ ಆಗಲಿ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರ್, ಇಂಡಿ, ಸಿಂದಗಿಯಿಂದಲೂ ಹತ್ತಿರವಲ್ಲ. ಟೆಸ್ಟ್ ಬರೆಯಲು ಎಪ್ಪತ್ತರ ಮನುಷ್ಯ ಅಷ್ಟು ದೂರ ಗಾಡಿ ಬಿಟ್ಟುಕೊಂಡೇ ಹೋಗಬೇಕೆಂದರೆ ಅದು ಟೆಸ್ಟ್ ಅಲ್ಲ, ಶಿಕ್ಷೆ. ಮೂರನೆಯದು, ತಪಾಸಣೆಯಲ್ಲಿ ಅನುಮಾನ ಬಂದವರಿಗೆ ಮಾತ್ರ ಗಾಡಿ ಓಡಿಸುವ ಟೆಸ್ಟ್ ಇರಲಿ. ಅದಕ್ಕೆ ಆರ್‌ಟಿಒದವರು ತಿಂಗಳಿಗೊಂದು ದಿನ ತಾಲೂಕಿಗೇ ಬರಲಿ. ನಾಲ್ಕನೆಯದು, ಪಾಸ್-ಫೇಲ್ ಎರಡೇ ಬೇಡ. ಹಗಲು ಮಾತ್ರ, ಊರೊಳಗೆ ಮಾತ್ರ ಎಂಬ ಷರತ್ತಿನ ಲೈಸೆನ್ಸ್ ಕೊಡುವಂತೆ ಕಾಯ್ದೆಗೆ ತಿದ್ದುಪಡಿ ಬರಲಿ. ಅಂಗಡಿಗೂ ಜುಮಾಕ್ಕೂ ಹೋಗಿಬರಲು ಅಷ್ಟು ಸಾಕು.

ಸರ್ಕಾರ ಇದನ್ನೆಲ್ಲ ನಾಳೆಯೇ ಮಾಡಲಿಕ್ಕಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ.

ಜಮಾಅತ್ ಕಮಿಟಿಗಳು ವರ್ಷಕ್ಕೆರಡು ಸಲ ಜುಮಾ ನಮಾಝ್ ಆದ ಮೇಲೆ ಮಸೀದಿ ಅಂಗಳದಲ್ಲಿ ಕಣ್ಣಿನ ಶಿಬಿರ ಇಡಲಿ. ಜಾತಿ-ಧರ್ಮ ನೋಡದೆ ಬೀದಿಯ ಎಲ್ಲ ಹಿರಿಯರನ್ನೂ ಕರೆಯಲಿ. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುತ್ತದೆ. ಪೊರೆ ತೆಗೆಸಿಕೊಂಡ ಎಷ್ಟೋ ಮಂದಿ ಇನ್ನೂ ಹಲವು ವರ್ಷ ಧೈರ್ಯವಾಗಿ ಗಾಡಿ ಬಿಡಬಹುದು. ತಪಾಸಣೆಯೆಂದರೆ ಲೈಸೆನ್ಸ್ ಕಸಿಯುವ ಹುನ್ನಾರವಲ್ಲ, ಲೈಸೆನ್ಸ್ ಉಳಿಸಿಕೊಳ್ಳುವ ದಾರಿ ಎಂಬುದು ಹಿರಿಯರಿಗೆ ಮನವರಿಕೆಯಾಗಬೇಕು.

ಮನೆಯವರ ಕೆಲಸ ಇನ್ನೂ ಕಷ್ಟದ್ದು. ಉಪ್ಪನ ಪಕ್ಕದ ಸೀಟಿನಲ್ಲಿ ಒಂದು ದಿನ ಸುಮ್ಮನೆ ಕೂತು ನೋಡಿ. ತಿರುವಿನಲ್ಲಿ ತಡವರಿಸುತ್ತಾರಾ? ಗೊತ್ತಿರುವ ದಾರಿ ತಪ್ಪುತ್ತಾರಾ? ಕಾರಿನ ಬಂಪರ್‌ನಲ್ಲಿ ಹೊಸ ಗೀರು ಬಿದ್ದಿವೆಯಾ? ನಿದ್ದೆ ಬರಿಸುವ ಮಾತ್ರೆ ತಿಂದು ಸ್ಟಿಯರಿಂಗ್ ಹಿಡಿಯುತ್ತಾರಾ? ಹೌದಾದರೆ ಹೇಳಲೇಬೇಕು. ಆದರೆ ಹತ್ತು ಜನರ ಮುಂದೆ, ಅಣಕದ ಮಾತಿನಲ್ಲಿ ಬೇಡ. ದೂರದ ದೇಶದಿಂದ ವಾಟ್ಸಾಪ್ ಕಾಲ್‌ನಲ್ಲಿ "ಇನ್ನು ಗಾಡಿ ಮುಟ್ಟಬೇಡಿ" ಅಂತ ಆಜ್ಞೆ ಮಾಡುವುದೂ ಬೇಡ. ಕೀ ಕೇಳುವ ಮೊದಲು ಅದರ ಬದಲಿಗೆ ಏನು ಕೊಡುತ್ತೇವೆ ಅಂತ ಹೇಳಿ. ವಾರಕ್ಕೆ ಎರಡು ದಿನ ನಂಬಿಕೆಯ ಆಟೋದವರನ್ನು ಗೊತ್ತುಮಾಡಿ. ಸುಬಹಿಗೆ ಕರೆದೊಯ್ಯಲು ಪಕ್ಕದ ಮನೆಯ ಹುಡುಗರು ಸರದಿ ಹಾಕಿಕೊಳ್ಳಲಿ. ಸರ್ಕಾರಿ ಬಸ್ಸಿನಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ, ಶಕ್ತಿ ಯೋಜನೆಯಲ್ಲಿ ಉಮ್ಮನಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಊರಿಗೆ ಹೋಗಲು ವಿಜಯಪುರದಿಂದ ಮಂಗಳೂರಿಗೆ ರೈಲಿದೆ, ರಾತ್ರಿ ಘಾಟಿ ಇಳಿಯುವ ಹಟ ಯಾಕೆ?

ಇನ್ನೊಂದು ಮಾತು, ಕೆಲವರಿಗೆ ರುಚಿಸದಿರಬಹುದು. ಮನೆಯಲ್ಲಿ ಮಗಳಿದ್ದಾಳೆ, ಸೊಸೆಯಿದ್ದಾಳೆ. ಅವರಿಗೆ ಸ್ಕೂಟರ್, ಕಾರು ಕಲಿಸಿ ಲೈಸೆನ್ಸ್ ಮಾಡಿಸಿ. ಗಂಡುಮಕ್ಕಳೆಲ್ಲ ಕಡಲಾಚೆ ಇರುವ ಮನೆಯಲ್ಲಿ ನಡುರಾತ್ರಿ ಎದೆನೋವು ಬಂದರೆ ಮಂಜುಗಣ್ಣಿನ ಉಪ್ಪನೇ ಗಾಡಿ ತೆಗೆಯಬೇಕಾದ ಗತಿ ಬರಬಾರದು.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ನೀವು ದುಡಿದು ಕೊಂಡ ಗಾಡಿ, ನೀವು ಕಲಿಸಿದ ಕೈಗಳೇ ಇಂದು ಊರೆಲ್ಲ ಓಡಿಸುತ್ತಿವೆ. ನಿಮ್ಮ ಅನುಭವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಯಾರೋ ಬಂದು ಹೇಳುವವರೆಗೆ ಕಾಯಬೇಡಿ. ಮುಂದಿನ ನವೀಕರಣಕ್ಕೆ ಏಜೆಂಟರ ಕೈಯಲ್ಲಿ ಫಾರ್ಮು ಕಳಿಸುವ ಬದಲು ನೀವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ "ಸರಿಯಾಗಿ ನೋಡಿ ಹೇಳಿ" ಅನ್ನಿ. ಅವರು ಬಿಡಬಹುದು ಅಂದರೆ ನೆಮ್ಮದಿಯಿಂದ ಬಿಡಿ. ಬೇಡ ಅಂದರೆ ಕೀಯನ್ನು ನೀವೇ ಮಗನ ಕೈಗೋ ಸೊಸೆಯ ಕೈಗೋ ಕೊಡಿ. ಕಿತ್ತುಕೊಂಡರೆ ಅದು ಅವಮಾನ. ನೀವಾಗಿ ಕೊಟ್ಟರೆ ಅದೂ ನೀವು ಮನೆಗೆ ಮಾಡಿದ ಇನ್ನೊಂದು ಉಪಕಾರವೇ.