ನೀರಿನ ಕೀಲಿ ಕಂಪನಿ ಜೇಬಲ್ಲಿ ಯಾಕಿರಬೇಕು?

ಕುಡಿಯುವ ನೀರಿನ ಯೋಜನೆಗೆ ಸೆನ್ಸರ್ ಬರುವುದನ್ನು ನಾವು ವಿರೋಧಿಸುತ್ತಿಲ್ಲ. ಟ್ಯಾಂಕ್ ತುಂಬಿದೊಡನೆ ಮೋಟಾರ್ ತಾನೇ ನಿಂತರೆ, ಕ್ಲೋರಿನ್ ಕಡಿಮೆಯಾದಾಗ ಎಂಜಿನಿಯರ್ ಮೊಬೈಲಿಗೆ ಮೆಸೇಜ್ ಹೋದರೆ ಯಾರಿಗೆ ಬೇಡ? ನಮ್ಮ ತಕರಾರು ಒಂದೇ. ಆ ವ್ಯವಸ್ಥೆಯ ಪಾಸ್‌ವರ್ಡ್, ನಕ್ಷೆ, ರಿಪೇರಿ ವಿದ್ಯೆ ಎಲ್ಲವೂ ನಿರ್ವಹಣೆಯ ಗುತ್ತಿಗೆ ಹಿಡಿದ ಕಂಪನಿಯ ಕೈಯಲ್ಲೇ ಉಳಿಯಬಾರದು.

ಸೆನ್ಸರ್ ಹಾಕಿದ ಪಂಪ್‌ಹೌಸಿನಲ್ಲಿ ಪ್ಯಾನಲ್ ಬೋರ್ಡ್ ಜೊತೆಗೆ ಪಿಎಲ್‌ಸಿ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಮೋಟಾರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವುದು ಅದೇ. ಅದಕ್ಕೊಂದು ಸಿಮ್ ಹಾಕಿದರೆ ಬೆಂಗಳೂರಲ್ಲಿ ಕೂತು ಆಡಿಸಬಹುದು. ಕಂಪನಿಯವರು ದೂರದಿಂದ ಆಡಿಸಬಹುದಾದರೆ ಕಳ್ಳರೂ ಆಡಿಸಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬಲ್ಲಿ ನೀರಿನ ಒತ್ತಡ ನೋಡಿಕೊಳ್ಳುವ ಇಂಥದೇ ಪೆಟ್ಟಿಗೆಗೆ ಹ್ಯಾಕರ್‌ಗಳು ನುಗ್ಗಿದರು. ಆ ತಯಾರಿಕೆಯ ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ಪಾಸ್‌ವರ್ಡ್ 1111. ಅದನ್ನು ಬದಲಿಸಿ ಎಂದು ಅಲ್ಲಿನ ಸರ್ಕಾರ ನೀರು ಸಂಸ್ಥೆಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ನೀರು ನಿಲ್ಲಲಿಲ್ಲ, ಯಾಕೆಂದರೆ ಸಿಬ್ಬಂದಿಗೆ ಪಂಪನ್ನು ಕೈಯಿಂದ ನಡೆಸಲು ಬರುತ್ತಿತ್ತು.

ಇನ್ನೂ ಹಳೆಯದು ಆಸ್ಟ್ರೇಲಿಯಾದ ಮರೂಚಿಯದು. 2000ನೇ ಇಸವಿಯಲ್ಲಿ, ಉಪಕರಣ ಅಳವಡಿಸಿದ ಗುತ್ತಿಗೆ ಕಂಪನಿಯ ಕೆಲಸ ಬಿಟ್ಟಿದ್ದವನೊಬ್ಬ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಕೊಳಚೆ ಪಂಪುಗಳನ್ನು ಕೆಡಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆಗೆ ಹರಿಯಿತು. ಕಂಪನಿ ಬಿಟ್ಟವನ ಕೈಯಲ್ಲಿ ಕೀಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಪಾಠ.

ಆದರೆ ನಮ್ಮ ಹಳ್ಳಿಗಳಲ್ಲಿ ಹ್ಯಾಕರ್‌ಗಿಂತ ಮೊದಲು ಬರುವ ಶತ್ರುಗಳು ಸಿಡಿಲು, ವೋಲ್ಟೇಜ್ ಮತ್ತು ಫೋನ್ ಎತ್ತದ ಗುತ್ತಿಗೆದಾರ. ಕಾರ್ಡ್ ಸುಟ್ಟರೆ ಯಾರಿಗೆ ಹೇಳಬೇಕು? ಗುತ್ತಿಗೆ ಮುಗಿದ ಮೇಲೆ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ? ಕಾಯಿನ್ ಬಾಕ್ಸ್ ಕೆಟ್ಟು, ಫಿಲ್ಟರ್ ಬದಲಿಸುವವರಿಲ್ಲದೆ ಬೀಗ ಬಿದ್ದ ಶುದ್ಧ ನೀರಿನ ಘಟಕಗಳನ್ನು ನೀವೇ ನೋಡಿದ್ದೀರಿ. ಅದೇ ಕತೆ ಮನೆ ನಲ್ಲಿಗೂ ಬರಬೇಕೆ?

'ನೀರಗಂಟಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ' ಎನ್ನುವವರಿದ್ದಾರೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಕೇರಿಗೆ ನೀರು ಹತ್ತುತ್ತದೆ ಎಂದು ಬಲ್ಲವನು ಅವನೊಬ್ಬನೇ. ಅವನಿಗೆ ಎರಡು ದಿನದ ತರಬೇತಿ ಕೊಡಲು ಬೇಜಾರು ಪಡುವವರು ಅವನ ಬುದ್ಧಿಯನ್ನು ಅಳೆಯುವುದು ಬೇಡ. ಊರಲ್ಲಿ ಐಟಿಐ ಓದಿದ ಹುಡುಗ ಹುಡುಗಿಯರೂ ಇದ್ದಾರೆ.

ನಾವು ಕೇಳುವುದು ನಾಲ್ಕೇ:

1. ಪಾಸ್‌ವರ್ಡ್‌ನ ಪ್ರತಿ ಮೊಹರು ಹಾಕಿದ ಲಕೋಟೆಯಲ್ಲಿ ಪಂಚಾಯಿತಿ ಬೀರುವಿನಲ್ಲಿರಲಿ. ಕಂಪನಿಯ ಆಳು ಬದಲಾದಾಗಲೆಲ್ಲ ಪಾಸ್‌ವರ್ಡೂ ಬದಲಾಗಲಿ.

2. ಮೋಟಾರನ್ನು ಕೈಯಿಂದ ನಡೆಸುವ ಸ್ವಿಚ್ ಇರಲೇಬೇಕು. ತಿಂಗಳಿಗೊಮ್ಮೆ ನೀರಗಂಟಿ ಅದರಲ್ಲೇ ನೀರು ಬಿಟ್ಟು ನೋಡಲಿ.

3. ಕೆಟ್ಟರೆ ಎಷ್ಟು ಗಂಟೆಯೊಳಗೆ ಬರಬೇಕು, ತಡವಾದರೆ ದಂಡ ಎಷ್ಟು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಪಂಪ್‌ಹೌಸ್ ಗೋಡೆ ಮೇಲೆ ಕನ್ನಡದಲ್ಲಿ ಬರೆಸಲಿ.

4. ನಕ್ಷೆ ಮತ್ತು ಪ್ರೋಗ್ರಾಂ ಪ್ರತಿ ಕೊಡುವವರೆಗೆ ಗುತ್ತಿಗೆದಾರನ ಕೊನೆಯ ಬಿಲ್ ತಡೆಯಲಿ.

ಇದು ಭಿಕ್ಷೆಯಲ್ಲ. 2019ರ ಆಗಸ್ಟ್ 15ರಂದು ಘೋಷಿಸಿದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಕೊಡುವ ಮಾತು ಕೊಟ್ಟಿದೆ. ಊರೊಳಗಿನ ನೀರು ನೋಡಿಕೊಳ್ಳುವ ಹೊಣೆ ಪಂಚಾಯಿತಿ ಮತ್ತು ಊರಿನ ನೀರು ಸಮಿತಿಯದು, ಆ ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು ಎಂದು ಅದರ ಮಾರ್ಗಸೂಚಿಯೇ ಹೇಳುತ್ತದೆ. ಹೊಣೆ ನಮ್ಮದು, ಕೀಲಿ ಕಂಪನಿಯದು ಎಂದರೆ ಹೇಗೆ?

ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕನ್ನೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಪಿಡಿಒ ಬಳಿ ನಿರ್ವಹಣೆಯ ಕರಾರು ಪತ್ರ ಇಲ್ಲವೆಂದರೆ ತಾಲ್ಲೂಕಿನ ನೀರು ಸರಬರಾಜು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಸಾಕು.