ಐದೂವರೆ ನಿಮಿಷದ ವಿದ್ಯೆ

ಕಾಲೇಜಿನ ವಾರ್ಷಿಕ ಸಂಚಿಕೆ ಎಂದರೆ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳ ಲೇಖನಗಳಿಗೆ ಮೀಸಲಾದ ಸ್ಥಳವೆಂಬುದನ್ನು ಬಲ್ಲೆ. ಅಂಥ ಸ್ಥಳದಲ್ಲಿ ಓಟದ ಮಾತನ್ನು ಎತ್ತುತ್ತಿರುವುದಕ್ಕೆ ಗುರುಗಳೂ ಸಂಪಾದಕ ಮಿತ್ರರೂ ಮನ್ನಿಸಬೇಕು. ಆದರೆ ನಮ್ಮ ಕಾಲೇಜಿನ ಹುಡುಗರು ನಸುಕಿನಲ್ಲಿ ಏನು ಮಾಡುತ್ತಾರೆಂದು ಯಾರಾದರೂ ನೋಡಿದರೆ ಈ ಲೇಖನ ಏಕೆ ಬೇಕೆಂಬುದು ತಾನೇ ತಿಳಿಯುತ್ತದೆ. ಬೆಳಗಿನ ಐದು ಗಂಟೆಗೆ ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ಹತ್ತಾರು ಹುಡುಗರು ಓಡುತ್ತಿರುತ್ತಾರೆ. ಅವರಲ್ಲಿ ಬಹಳ ಮಂದಿ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೇ. ತೂಕಡಿಕೆಯ ಕಾರಣವನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಅವರು ಓಡುವುದು 1600 ಮೀಟರಿನ ಆಸೆಯಿಂದ. ಸೈನ್ಯದ ಸಾಮಾನ್ಯ ಸೇವೆಗೆ ಸೇರಬಯಸುವ ಹುಡುಗ ಈ ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕಗಳು ಪೂರ್ತಿಯಾಗಿ ದೊರೆಯುತ್ತವೆ. ತಡವಾದಂತೆಲ್ಲ ಅಂಕಗಳು ಇಳಿಯುತ್ತವೆ, ಇನ್ನೂ ತಡವಾದರೆ ಮನೆಯ ದಾರಿ. ಬೀಮ್ ಹಿಡಿದು 10 ಬಾರಿ ಮೈ ಎತ್ತಿದರೆ ಉಳಿದ 40 ಅಂಕಗಳು. 9 ಅಡಿಯ ಹಳ್ಳ ಜಿಗಿಯುವುದಕ್ಕೂ ಅಂಕುಡೊಂಕು ಹಲಗೆಯ ಮೇಲೆ ನಡೆಯುವುದಕ್ಕೂ ಅಂಕವಿಲ್ಲ, ತೇರ್ಗಡೆಯಾದರೆ ಸಾಕು. ಹೀಗೆ ನೂರರಲ್ಲಿ ಅರುವತ್ತು ಭಾಗ ಓಟದ ಕೈಯಲ್ಲಿದೆ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದ ಸಂಗತಿಯನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಸೇನೆಯ ಬಾಗಿಲಲ್ಲಿ ನಿಂತಿರುವ ನಮ್ಮ ಹುಡುಗರಿಗೆ ಆ ಅರುವತ್ತು ಅಂಕಗಳ ವಿದ್ಯೆಯನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಓಟವೂ ಒಂದು ವಿದ್ಯೆ. ಅದನ್ನು ಕಲಿಯಬೇಕು, ಕಲಿಸಬೇಕು. ಕಲಿಯದೆ ಬರಿಯ ಹಟದಿಂದ ಓಡಿದವನು ಕಾಲನ್ನೂ ವರ್ಷವನ್ನೂ ಕಳೆದುಕೊಳ್ಳುತ್ತಾನೆ. ನಾನು ಹೇಳಹೊರಟಿರುವುದು ಇಷ್ಟೇ. ಇದನ್ನು ನಾನು ಪುಸ್ತಕದಿಂದ ಅರಿತದ್ದಕ್ಕಿಂತ ಸೋಲಿನಿಂದ ಅರಿತದ್ದೇ ಹೆಚ್ಚು.

2023ರಲ್ಲಿ ನಾನು ಮೊದಲ ಬಾರಿಗೆ ಭರ್ತಿಗೆ ನಿಂತೆ. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಓಟದ ಕರೆ ಬಂದಾಗ ಮನೆಯಲ್ಲಿ ಹಬ್ಬದ ಸಂಭ್ರಮ. ನಮ್ಮೂರಿನ ಬಸ್ ನಿಲ್ದಾಣದಿಂದ ಹಳ್ಳದ ಸೇತುವೆಯವರೆಗೆ ಒಂದು ಮೈಲಿ ಎಂದು ಹಿರಿಯರು ಹೇಳುತ್ತಿದ್ದರು. ಆ ದೂರವನ್ನು ನಾನು 5 ನಿಮಿಷ 25 ಸೆಕೆಂಡಿನಲ್ಲಿ ಓಡುತ್ತಿದ್ದೆ. ಗೆದ್ದೇ ಬಿಟ್ಟೆನೆಂದು ನಂಬಿದ್ದೆ. ಮೈದಾನದಲ್ಲಿ ನೂರಾರು ಹುಡುಗರ ನಡುವೆ ಸೀಟಿ ಊದಿದೊಡನೆ ಹೊಡೆದ ಬಾಣದಂತೆ ನುಗ್ಗಿದೆ. ಮೊದಲ ಸುತ್ತಿನಲ್ಲಿ ಮುಂದಿನ ಸಾಲಿನಲ್ಲಿದ್ದೆ. ಎರಡನೆಯ ಸುತ್ತಿನಲ್ಲಿ ಉಸಿರು ಗಂಟಲಿಗೆ ಬಂತು. ಮೂರನೆಯ ಸುತ್ತಿನಲ್ಲಿ ತೊಡೆಗಳು ಕಲ್ಲಾದುವು. ಅವಧಿ ಮುಗಿದು ಹಗ್ಗವನ್ನು ಅಡ್ಡ ಎಳೆದಾಗ ನನ್ನ ಮುಂದೆ ಇನ್ನೂ 150 ಮೀಟರಿನಷ್ಟು ದೂರ ಉಳಿದಿತ್ತು.

ಊರಿಗೆ ಬಂದ ಮೇಲೆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಬಟ್ಟೆಯ ಚೂರು ಕಟ್ಟಿ, ಸುತ್ತುಗಳನ್ನು ಎಣಿಸುತ್ತ ಆ ‘ಮೈಲಿ’ಯನ್ನು ಅಳೆದೆ. ಚಕ್ರದ ಒಂದು ಸುತ್ತಿಗೆ 2.2 ಮೀಟರು, ಸೇತುವೆ ಮುಟ್ಟುವಾಗ 610 ಸುತ್ತುಗಳಾಗಿದ್ದುವು. ಅಂದರೆ 1342 ಮೀಟರು! ಹಿರಿಯರ ಮಾತನ್ನು ಅಳೆಯದೆ ನಂಬಿದ ತಪ್ಪು ನನ್ನದೇ. ಅದೇ ವೇಗದಲ್ಲಿ 1600 ಮೀಟರು ಓಡಿದ್ದರೆ 6 ನಿಮಿಷ 27 ಸೆಕೆಂಡು ಹಿಡಿಯುತ್ತಿತ್ತು. ವಿದ್ಯೆಯ ಮೊದಲನೆಯ ಪಾಠ ಇಲ್ಲಿದೆ: ದೂರವನ್ನು ಅಳೆ, ಕಾಲವನ್ನು ಅಳೆ, ಅನಂತರ ಓಡು.

ಎರಡನೆಯ ಪಾಠ ಶಾಲೆಯ ಭಾಗಾಕಾರದ್ದು. 5 ನಿಮಿಷ 30 ಸೆಕೆಂಡು ಎಂದರೆ 330 ಸೆಕೆಂಡು. ನಾಲ್ಕು ಸುತ್ತುಗಳಿಗೆ ಹಂಚಿದರೆ 400 ಮೀಟರಿನ ಒಂದು ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು. ಒಂದೇ ಸುತ್ತನ್ನು ಈ ವೇಗದಲ್ಲಿ ಓಡುವುದು ನಮ್ಮ ಹಳ್ಳಿಯ ಯಾವ ಆರೋಗ್ಯವಂತ ಹುಡುಗನಿಗೂ ಕಷ್ಟವಲ್ಲ. ಕಷ್ಟವಿರುವುದು ನಾಲ್ಕು ಸಲ ಒಂದೇ ಸಮನಾಗಿ ಓಡುವುದರಲ್ಲಿ. ನಾನು ಮಾಡಿದಂತೆ ಮೊದಲ ಸುತ್ತನ್ನು 72 ಸೆಕೆಂಡಿನಲ್ಲಿ ಮುಗಿಸಿದವನು ಹತ್ತು ಸೆಕೆಂಡು ಉಳಿಸಿದೆನೆಂದು ತಿಳಿಯುತ್ತಾನೆ. ವಾಸ್ತವವಾಗಿ ಅವನು ಸಾಲ ಮಾಡಿರುತ್ತಾನೆ. ದೇಹಕ್ಕೆ ಬೇಕಾದಷ್ಟು ಆಮ್ಲಜನಕ ಒದಗದೆ ಸ್ನಾಯುಗಳಲ್ಲಿ ಆಮ್ಲೀಯತೆ ಹೆಚ್ಚಿ, ಮೂರನೆಯ ಸುತ್ತಿನಲ್ಲಿ ಆ ಸಾಲ ಬಡ್ಡಿಯೊಡನೆ ವಸೂಲಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಮೊದಲ ಸುತ್ತಿಗಾಗಿಯೇ ಹುಟ್ಟಿರಬೇಕು.

ಮೂರನೆಯ ಪಾಠವನ್ನು ಕಲಿಯಲು ನನಗೆ ಒಂದು ವರ್ಷವೇ ಬೇಕಾಯಿತು. ಸೋಲಿನ ಅವಮಾನದಿಂದ ನಾನು ದಿನವೂ 1600 ಮೀಟರನ್ನು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಡಾಂಬರಿನ ಮೇಲೆ ಓಡತೊಡಗಿದೆ. ಮೊದಲ ಕೆಲವು ವಾರ ಕಾಲಾವಧಿ ಇಳಿಯಿತು, ಆಮೇಲೆ ನಿಂತಿತು, ಆಮೇಲೆ ಏರಿತು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ನೋವು ಕಾಣಿಸಿಕೊಂಡಿತು. ನೋವಿನ ಮಾತ್ರೆ ನುಂಗಿ ಓಡಿದೆ. ಕಡೆಗೆ ಮೆಟ್ಟಲು ಇಳಿಯುವುದೂ ದುಸ್ತರವಾದಾಗ ವೈದ್ಯರು ಆರು ವಾರ ಓಡಕೂಡದೆಂದರು. ಸ್ನಾಯು ಬೇಗ ಬಲಗೊಳ್ಳುತ್ತದೆ, ಮೂಳೆ ನಿಧಾನವಾಗಿ ಬಲಗೊಳ್ಳುತ್ತದೆ. ಸ್ನಾಯುವಿನ ಅವಸರಕ್ಕೆ ಮೂಳೆ ದಂಡ ತೆರುತ್ತದೆ ಎಂದು ಅವರು ತಿಳಿಸಿ ಹೇಳಿದರು.

ಮಂಚದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ ನನ್ನನ್ನು ನೋಡಿ ನಮ್ಮ ತಂದೆಯವರು ಒಂದು ಮಾತು ಹೇಳಿದರು. ಅವರು ಪರರ ಹೊಲದಲ್ಲಿ ದುಡಿದು ನನ್ನನ್ನು ಓದಿಸುತ್ತಿರುವವರು. ನಾಲ್ಕನೆಯ ತರಗತಿಯ ಮೇಲೆ ಓದಿದವರಲ್ಲ. “ಎತ್ತಿಗೂ ಸೋಮವಾರ ನೊಗಾ ಹೂಡೂದಿಲ್ಲೋ ತಮ್ಮಾ. ನಿನ್ನ ಕಾಲು ಎತ್ತಿನಕಿಂತ ಗಟ್ಟಿ ಅದಾವೇನು?” ಎಂದರು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಎಂಥ ಹದವಿದ್ದರೂ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದನ್ನು ನಾನು ಭಕ್ತಿಯೆಂದಷ್ಟೇ ತಿಳಿದಿದ್ದೆ. ಅದರಲ್ಲಿ ಒಕ್ಕಲುತನದ ಲೆಕ್ಕಾಚಾರವೂ ಇದೆಯೆಂದು ಅಂದು ಹೊಳೆಯಿತು.

ಇದೇ ಮಾತಿಗೆ ದೂರದ ಇಂಗ್ಲೆಂಡಿನಿಂದಲೂ ಒಂದು ಸಾಕ್ಷಿ ಉಂಟು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯ ವಿದ್ಯಾರ್ಥಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗೋಡೆಯನ್ನು ಮೊದಲು ದಾಟಿದವನೆನಿಸಿದ. ಅವನ ಅಭ್ಯಾಸವೆಂದರೆ ಕಾಲು ಮೈಲಿಯನ್ನು ಹತ್ತು ಸಲ ಓಡುವುದು, ನಡುನಡುವೆ ಎರಡು ನಿಮಿಷದ ಬಿಡುವು. ತಿಂಗಳುಗಳ ಶ್ರಮದಿಂದ ಕಾಲು ಮೈಲಿಯ ಅವಧಿ 66 ಸೆಕೆಂಡಿನಿಂದ 61ಕ್ಕೆ ಇಳಿದು ಅಲ್ಲಿಯೇ ನಿಂತುಬಿಟ್ಟಿತು. ಆಗ ಅವನು ಓಟವನ್ನು ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿನಲ್ಲಿ ಬಂಡೆ ಹತ್ತಲು ಹೋದ. ಹಿಂದಿರುಗಿ ಬಂದು ಓಡಿದಾಗ ಅವಧಿ 59 ಸೆಕೆಂಡಾಗಿತ್ತು! ಶ್ರಮದಿಂದ ಬಾರದ ಎರಡು ಸೆಕೆಂಡು ಬಿಡುವಿನಿಂದ ಬಂದುವು. ಬ್ಯಾನಿಸ್ಟರನಿಗೆ ಬಂಡೆ ಕಲಿಸಿದ್ದನ್ನು ನಮ್ಮ ತಂದೆಯವರಿಗೆ ಎತ್ತು ಕಲಿಸಿತ್ತು.

ಅಂದಿನಿಂದ ನನ್ನ ವಾರದ ಕ್ರಮ ಬದಲಾಯಿತು. ಸೋಮವಾರ ಪೂರ್ಣ ಬಿಡುವು. ಮಂಗಳವಾರ ಮತ್ತು ಗುರುವಾರ 5 ಕಿಲೋಮೀಟರು ನಿಧಾನ ಓಟ. ನಿಧಾನವೆಂದರೆ ಜೊತೆಗಾರನೊಡನೆ ಏದುಸಿರಿಲ್ಲದೆ ಮಾತನಾಡುವಷ್ಟು ನಿಧಾನ. ಬುಧವಾರ 400 ಮೀಟರನ್ನು 82 ಸೆಕೆಂಡಿನಂತೆ ಆರು ಸಲ, ನಡುವೆ ಮೂರು ನಿಮಿಷ ನಡಿಗೆ. ಶುಕ್ರವಾರ 200 ಮೀಟರನ್ನು 40 ಸೆಕೆಂಡಿನಂತೆ ಎಂಟು ಸಲ. ಶನಿವಾರ ಓಟವಿಲ್ಲ, ಬೀಮ್ ಮಾತ್ರ. ಭಾನುವಾರ 8 ಕಿಲೋಮೀಟರು, ಅದೂ ನಿಧಾನವಾಗಿಯೇ. ನಾಲ್ಕು ವಾರಕ್ಕೊಮ್ಮೆ ಮಾತ್ರ 1600 ಮೀಟರಿನ ಪೂರ್ಣ ಪರೀಕ್ಷೆ. ನಿಧಾನ ಓಟದಿಂದ ಏನು ಲಾಭವೆಂದು ಮಿತ್ರರು ನಗುತ್ತಾರೆ. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕಲು ಕಲಿಯುವುದೂ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದೂ ಬಹುಮಟ್ಟಿಗೆ ಈ ನಿಧಾನ ಓಟದಿಂದಲೇ. ಹನಿಗೂಡಿದರೆ ಹಳ್ಳ ಎಂಬುದು ಉಸಿರಿನ ವಿಷಯದಲ್ಲಿಯೂ ನಿಜ.

ಆಹಾರದ ಮಾತೂ ಇದೆ. ಅಂಗಡಿಯ ಡಬ್ಬಿಗಳ ಪುಡಿಗೆ ಹಣ ಸುರಿಯುವ ಮಿತ್ರರಿದ್ದಾರೆ. ಭರ್ತಿಯ ದಿನ ಯಾರೋ ಕೊಟ್ಟ ಚುಚ್ಚುಮದ್ದು ಹಾಕಿಸಿಕೊಳ್ಳುವವರೂ ಇದ್ದಾರೆಂದು ಕೇಳಿದ್ದೇನೆ. ರೊಟ್ಟಿ, ಕಾಳುಪಲ್ಯ, ಶೇಂಗಾ, ಬೆಲ್ಲ, ಮೊಟ್ಟೆ, ಸಾಕಷ್ಟು ನೀರು, ರಾತ್ರಿ ಏಳೆಂಟು ಗಂಟೆ ನಿದ್ದೆ ಇಷ್ಟನ್ನು ಒದಗಿಸಿಕೊಂಡವನಿಗೆ ಆ ಪುಡಿ ಬೇಕಿಲ್ಲ, ಚುಚ್ಚುಮದ್ದಂತೂ ಅಪಾಯ. 2024ರಲ್ಲಿ ಝಾರ್ಖಂಡದಲ್ಲಿ ಅಬಕಾರಿ ಪೇದೆಗಳ ನೇಮಕಕ್ಕಾಗಿ ನಡೆದ 10 ಕಿಲೋಮೀಟರಿನ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಬಿಟ್ಟರು. ಅವರೂ ನಮ್ಮಂತೆ ಒಂದು ಮನೆಯ ಆಸೆಯನ್ನು ಹೊತ್ತು ಓಡಿದವರು. ಎದೆ ನೋವು, ತಲೆಸುತ್ತು ಕಂಡರೆ ನಿಂತುಬಿಡುವುದು ಹೇಡಿತನವಲ್ಲವೆಂದು ನಮಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕಾಗಿದೆ.

ಓಡುವವರು ಓದುವುದಿಲ್ಲ ಎಂಬ ಆಕ್ಷೇಪಣೆ ಅಧ್ಯಾಪಕರ ಕೊಠಡಿಯಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಓದದವನಿಗೆ ಇಂದು ಓಡುವ ಅವಕಾಶವೇ ಇಲ್ಲ. 2023ರಿಂದ ಸೇನಾ ಭರ್ತಿಯಲ್ಲಿ ಲಿಖಿತ ಪರೀಕ್ಷೆ ಮೊದಲು, ಓಟ ಆಮೇಲೆ. ಇನ್ನೂ ಒಂದು ಆಕ್ಷೇಪಣೆ ಉಂಟು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕೇ ವರ್ಷ, ಅನಂತರ ಉಳಿಯುವವರು ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ. ಅಷ್ಟಕ್ಕಾಗಿ ಇಷ್ಟು ಕಷ್ಟವೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆಯಲ್ಲಿ ಮೊದಲ ಸಂಬಳವನ್ನೇ ಕಾಣದವನಿಗೆ ನಾಲ್ಕು ವರ್ಷ ಸಣ್ಣದಲ್ಲ. ಮೇಲಾಗಿ ಓಟದ ವಿದ್ಯೆ ಒಂದೇ ಬಾಗಿಲಿನದಲ್ಲ. ನಮ್ಮ ರಾಜ್ಯದ ಪೊಲೀಸ್ ಪೇದೆಯ ಹುದ್ದೆಗೆ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಕೇಂದ್ರದ ಅರೆಸೈನಿಕ ಪಡೆಗಳಿಗೆ ಪುರುಷರು 5 ಕಿಲೋಮೀಟರನ್ನು 24 ನಿಮಿಷದಲ್ಲಿ, ಸ್ತ್ರೀಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಮುಗಿಸಬೇಕು.

ಸ್ತ್ರೀಯರೆಂದಾಗ ನಮ್ಮ ತರಗತಿಯ ಸಹಪಾಠಿಯೊಬ್ಬಳ ಮಾತು ನೆನಪಾಗುತ್ತದೆ. “ನಿಮಗ ರಸ್ತೆ ಐತಿ, ನಮಗ ಅದೂ ಇಲ್ಲ” ಎಂದಳು. ಕತ್ತಲಿನ ರಸ್ತೆಯಲ್ಲಿ ಹುಡುಗಿಯೊಬ್ಬಳು ಒಂಟಿಯಾಗಿ ಓಡುವುದು ನಮ್ಮ ಊರುಗಳಲ್ಲಿ ಇನ್ನೂ ಸಾಧ್ಯವಿಲ್ಲ. ಅವಳಿಗೆ ಕಾಲೇಜಿನ ಮೈದಾನವೊಂದೇ ಗತಿ. ಅದರ ಗೇಟು ತೆರೆಯುವುದು ಒಂಬತ್ತೂವರೆಗೆ.

ಆದುದರಿಂದ ಮಾನ್ಯ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವೃಂದದಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಕ್ರೀಡೋತ್ಸವಕ್ಕೆಂದು ವರ್ಷಕ್ಕೊಮ್ಮೆ ಎಳೆಯುವ ಸುಣ್ಣದ ಗೆರೆಯನ್ನು ಟೇಪಿನಿಂದ ಅಳೆದು ವರ್ಷವಿಡೀ ಉಳಿಸಿರಿ. ಬೆಳಿಗ್ಗೆ ಐದೂವರೆಗೆ ಗೇಟು ತೆರೆಸಿರಿ. ವಾರಕ್ಕೆ ಎರಡು ದಿನ ದೈಹಿಕ ಶಿಕ್ಷಣದ ಅಧ್ಯಾಪಕರು ಗಡಿಯಾರ ಹಿಡಿದು ನಿಲ್ಲಲಿ. ಪ್ರತಿಯೊಬ್ಬರ ಕಾಲಾವಧಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಚೀಲ ಸುಣ್ಣ, ಒಂದು ಗಡಿಯಾರ, ಒಂದು ಬೀಗದ ಕೈ ಸಾಕು. ಮಿತ್ರರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಹದಿನೈದು ದಿನದ ಹಟವನ್ನು ಬಿಟ್ಟು ಆರು ತಿಂಗಳ ತಾಳ್ಮೆಯನ್ನು ಹಿಡಿಯಿರಿ, ಸೋಮವಾರವನ್ನು ಕಾಲಿಗೆ ಬಿಟ್ಟುಕೊಡಿರಿ.

ನನ್ನ ವಿಷಯ ಹೇಳಿ ಮುಗಿಸುತ್ತೇನೆ. ಈ ಕ್ರಮವನ್ನು ಹಿಡಿದು ಎಂಟು ತಿಂಗಳಾದುವು. ಕಳೆದ ಪರೀಕ್ಷೆಯಲ್ಲಿ, ಸರಿಯಾಗಿ ಅಳೆದ ದೂರದಲ್ಲಿ, ನನ್ನ ಅವಧಿ 5 ನಿಮಿಷ 38 ಸೆಕೆಂಡು. ವಯಸ್ಸಿನ ಮಿತಿ ಸಮೀಪಿಸುತ್ತಿದೆ. ಬರಲಿರುವ ಭರ್ತಿಯೇ ಬಹುಶಃ ನನ್ನ ಪಾಲಿನ ಕೊನೆಯದು. ಇನ್ನೂ 8 ಸೆಕೆಂಡು ಉಳಿದಿವೆ. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ ಎರಡೇ ಸೆಕೆಂಡು. ಅದು ನನಗೆ ದಕ್ಕೀತೋ ಇಲ್ಲವೋ, ಮುಂದಿನ ವರ್ಷ ಈ ಕಾಲೇಜಿಗೆ ಬರುವ ಹುಡುಗನೂ ಹುಡುಗಿಯೂ ತಮ್ಮ ಮೈಲಿಯನ್ನು ಸೈಕಲ್ ಚಕ್ರದಿಂದ ಅಳೆಯುವಂತಾಗದಿದ್ದರೆ ನಾನು ಬರೆದುದು ಸಾರ್ಥಕ.