ಹೀರಾ ಬಾಗಿಲಿನ ಮುಂದೆ



ಬೇಸಿಗೆ ಬಂತೆಂದರೆ ಫತೇಗಂಜಿನ ನಮ್ಮ ಮನೆಗಳಲ್ಲಿ ಊರಿನ ಮಾತು ಶುರುವಾಗುತ್ತದೆ. ರಜದಲ್ಲಿ ಮಕ್ಕಳಿಗೆ ಚಿತ್ರದುರ್ಗದ ಕೋಟೆ ತೋರಿಸಬೇಕು, ಓಬವ್ವನ ಕಿಂಡಿ ತೋರಿಸಬೇಕು ಎಂದು ಲೆಕ್ಕ ಹಾಕುತ್ತೇವೆ. ಆದರೆ ಇಲ್ಲಿಂದ ಸುಮಾರು 30 ಕಿಲೋಮೀಟರು ದೂರದ ಡಭೋಯಿಯ ಕೋಟೆಯನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹನ್ನೊಂದು ವರ್ಷದಿಂದ ಇಲ್ಲಿರುವ ನಾನೂ ಹೋದದ್ದು ಮೊನ್ನೆ ಮೊನ್ನೆ. ಅದೂ ಮಗಳ ಪ್ರಶ್ನೆಯೊಂದರ ದೆಸೆಯಿಂದ. ಶಾಲೆಯ ಫಾರಮ್ಮಿನ ‘ಸ್ವಂತ ಊರು’ ಎಂಬ ಅಂಕಣದ ಮುಂದೆ ಪೆನ್ಸಿಲು ಹಿಡಿದು ಕುಳಿತವಳು, “ಅಪ್ಪಾ, ನಾನು ಹುಟ್ಟಿದ್ದು ಇಲ್ಲೇ. ಇಲ್ಲಿ ನಮ್ಮದು ಅಂತ ಏನಿದೆ?” ಎಂದಳು. ಕಚೇರಿಯಲ್ಲಿ ದಿನವೂ ಪರರ ಅರ್ಜಿಗಳ ತಪ್ಪು ಹುಡುಕುವ ನನಗೆ ಈ ಒಂದು ಅಂಕಣಕ್ಕೆ ಉತ್ತರ ಹೊಳೆಯಲಿಲ್ಲ. ಭಾನುವಾರ ಅವಳನ್ನು ಕರೆದುಕೊಂಡು ಡಭೋಯಿಗೆ ಹೊರಟೆ.

ಡಭೋಯಿಯ ಹಳೆಯ ಹೆಸರು ದರ್ಭಾವತಿ. ಮೊದಲು ಇಲ್ಲಿ ಕೋಟೆ ಕಟ್ಟಿಸಿದವನು ಗುಜರಾತಿನ ಚೌಳುಕ್ಯ ದೊರೆ ಸಿದ್ಧರಾಜ ಜಯಸಿಂಹನೆಂದು ಪ್ರತೀತಿ. 13ನೇ ಶತಮಾನದ ನಡುವಿನಲ್ಲಿ ವಾಘೇಲಾ ವಂಶದ ವೀಸಲದೇವನು ಅದಕ್ಕೆ ವೈಭವ ತಂದನು. ಇಲ್ಲಿನ ವೈದ್ಯನಾಥ ದೇವಾಲಯದ ಪ್ರಶಸ್ತಿಶಾಸನ 1253ರದು. ರಚಿಸಿದವನು ಕವಿ ಸೋಮೇಶ್ವರ. ಸರಿಸುಮಾರು ಅದೇ ಕಾಲದಲ್ಲಿ ದೂರದ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಅಂಚಿನಲ್ಲಿ ಸವಾಯ್ ವಂಶದ ಒಡೆಯರು ಶಿಯೋನ್ ಕೋಟೆಯನ್ನು ಬೆಳೆಸುತ್ತಿದ್ದರು. ಅದು ಬಂಡೆಯ ಮೇಲಿನ ಒಡೆಯನ ಮನೆ. ಡಭೋಯಿಯದು ಇಡೀ ಊರನ್ನು ತಬ್ಬಿಕೊಂಡ ಗೋಡೆ.

ಆ ಗೋಡೆಗೆ ದಿಕ್ಕಿಗೊಂದರಂತೆ ನಾಲ್ಕು ಬಾಗಿಲು. ಪಶ್ಚಿಮಕ್ಕೆ ವಡೋದರಾ, ಉತ್ತರಕ್ಕೆ ಚಾಂಪಾನೇರ, ದಕ್ಷಿಣಕ್ಕೆ ನಾಂದೋದ, ಪೂರ್ವಕ್ಕೆ ಹೀರಾ ಬಾಗಿಲು. ವಡೋದರಾ ಬಾಗಿಲಿನಲ್ಲಿ ನಿಂತು ತಲೆಯೆತ್ತಿ ನೋಡಿ. ಗೋಡೆಗಂಬಗಳಿಂದ ಚಾಚುಗಲ್ಲುಗಳು ಒಂದರ ಮೇಲೊಂದು ಸ್ವಲ್ಪಸ್ವಲ್ಪವೇ ಮುಂದೆ ಬಂದು, ನಡುವಿನ ಅಂತರ ಕಿರಿದಾದ ಮೇಲೆ ತೊಲೆಗಲ್ಲನ್ನು ಹೊತ್ತಿವೆ. ಎರಡು ಕಡೆಯವರು ಒಂದೊಂದು ಹೆಜ್ಜೆ ಮುಂದಿಟ್ಟು ಕೈ ಹಿಡಿದುಕೊಂಡಂತೆ! ಹೀರಾ ಬಾಗಿಲಿನ ಮಗ್ಗುಲಲ್ಲಿ ಕಾಳಿಕಾ ಮಾತೆಯ ಗುಡಿಯಿದೆ. ಅದರ ಕೆತ್ತನೆ ನೋಡುವಾಗ ಬೇಲೂರು ನೆನಪಾಗದಿರದು.

ಬಾಗಿಲಿಗೆ ಹೆಸರು ಕೊಟ್ಟವನು ಹೀರಾಧರನೆಂಬ ಶಿಲ್ಪಿ ಎನ್ನುತ್ತಾರೆ ಜನ. ಅವನು ಅರಸನ ಕೋಟೆಯ ಕಲ್ಲನ್ನು ಕದ್ದು ತನ್ನ ಪ್ರಿಯೆ ತೇನಳ ಹೆಸರಿನಲ್ಲಿ ಕೆರೆ ಕಟ್ಟಿಸಿದನಂತೆ. ಸಿಟ್ಟಾದ ಅರಸ ಅವನನ್ನು ಜೀವಂತವಾಗಿ ಗೋಡೆಯಲ್ಲಿ ಹುಗಿಸಿದ. ಅವಳು ಗೋಡೆಯ ಸಂದಿನಿಂದ ತುಪ್ಪ ಹೊಯ್ದು ಅವನ ಜೀವ ಉಳಿಸಿದಳೆಂದು ಒಂದು ಕಥೆ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲವರಿಗೆ ಎದೆ ಹಿಂಡುವ ಕಥೆಯಿದು. ಓಬವ್ವನ ಕಿಂಡಿ ವೈರಿಯ ಪ್ರಾಣ ತೆಗೆಯಿತು. ಈ ಕಿಂಡಿ ಪ್ರಿಯನ ಪ್ರಾಣ ಕಾಯಿತು.

ಆದರೆ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೇರೆ ಕಡೆ. ಸಿದ್ಧರಾಜನ ತಾಯಿ ಮಯಣಲ್ಲದೇವಿ. ಈಕೆ ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಕನ್ನಡದಲ್ಲಿ ಶಾಸನ ಬರೆಸಿದ ಮನೆತನದ ಹೆಣ್ಣು. ರೂಪವತಿಯಲ್ಲವೆಂದು ಕರ್ಣರಾಜ ಅವಳನ್ನು ಮೊದಲು ಒಲ್ಲೆನೆಂದನಂತೆ. ಅವಳ ಪರ ನಿಂತು ಮದುವೆ ಮಾಡಿಸಿದವಳು ಅತ್ತೆ ಉದಯಮತಿ ಎಂದು ಮೇರುತುಂಗನ ‘ಪ್ರಬಂಧಚಿಂತಾಮಣಿ’ ಹೇಳುತ್ತದೆ. ಪಾಟಣದ ರಾಣಿಯ ಬಾವಿಯನ್ನು ಕಟ್ಟಿಸಿದ ಉದಯಮತಿಯೇ ಈಕೆ. ಆ ಬಾವಿಯ ಚಿತ್ರ 2018ರಲ್ಲಿ ಬಂದ ನೂರು ರೂಪಾಯಿ ನೋಟಿನ ಮೇಲಿದೆ. ಬೇಡವೆನಿಸಿಕೊಂಡು ಬಂದ ಸೊಸೆ ಮುಂದೆ ಸೋಮನಾಥದ ಯಾತ್ರಿಕರ ಮೇಲಿನ ತೆರಿಗೆಯನ್ನು ಮಗನಿಂದ ತೆಗೆಸಿದಳು ಎಂದೂ ಅದೇ ಗ್ರಂಥದ ಮಾತು. ಧೋಳಕಾದ ಮಲಾವ್ ಕೆರೆ ಅವಳದೇ ಎನ್ನುತ್ತಾರೆ. ಗುಜರಾತಿನವರ ಬಾಯಲ್ಲಿ ಅವಳು ಮೀನಳದೇವಿಯಾದಳು. ನಮ್ಮ ಮಕ್ಕಳ ಹೆಸರುಗಳೂ ಇಲ್ಲಿನ ಬಾಯಲ್ಲಿ ಸ್ವಲ್ಪ ಬದಲಾಗುವುದಿಲ್ಲವೇ? ಅದಕ್ಕೆ ನಾವು ಮುನಿಯುತ್ತೇವೆ. ಕರೆಯುವವರ ಅಕ್ಕರೆಯನ್ನು ಮರೆಯುತ್ತೇವೆ.

ಅಷ್ಟೇ ಅಲ್ಲ, ವೀಸಲದೇವನನ್ನೂ ಕರ್ಣಾಟರಾಜನ ಮಗಳು ಸ್ವಯಂವರದಲ್ಲಿ ವರಿಸಿದಳೆಂದು ಅವನ ಕಾಲದ ತಾಮ್ರಶಾಸನ ಹೊಗಳುತ್ತದೆ. ಹೀಗೆ, ನಮಗಿಂತ ಎಷ್ಟೋ ಶತಮಾನ ಮೊದಲೇ ನಮ್ಮ ಕಡೆಯವರು ಇಲ್ಲಿ ಬಂದು ಬಾಳಿದ್ದಾರೆ. ಅವರು ಹೊತ್ತು ತಂದದ್ದಕ್ಕಿಂತ ಇಲ್ಲಿ ಮಾಡಿಟ್ಟದ್ದನ್ನು ಜನ ನೆನೆಯುತ್ತಾರೆ.

ಮುಂದಿನ ವಿಹಾರಕ್ಕೆ ನಾಲ್ಕಾರು ಮನೆಯವರು ಕೂಡಿ ಡಭೋಯಿಗೆ ಹೋಗಬಾರದೇಕೆ? ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಬುತ್ತಿ ಜೊತೆಗಿರಲಿ. ಆದರೆ ಏಳುನೂರು ವರ್ಷ ದಾಟಿದ ಕಲ್ಲಿನ ಮೇಲೆ ನಮ್ಮ ಮಕ್ಕಳು ಹೆಸರು ಗೀಚದಂತೆ ನೋಡಿಕೊಳ್ಳೋಣ.

ಮನೆಗೆ ಬಂದ ಮಗಳು ಫಾರಮ್ಮು ತುಂಬಿದಳು: “ದಾವಣಗೆರೆ, ವಡೋದರಾ.” ಒಂದೇ ಅಂಕಣದಲ್ಲಿ ಎರಡು ಊರು ಬರೆದರೆ ಕಚೇರಿಯಲ್ಲಿ ಆಕ್ಷೇಪಣೆ ಹಾಕಿ ಹಿಂದಿರುಗಿಸುವವನು ನಾನೇ. ಮನೆಯಲ್ಲಿ ಸುಮ್ಮನೆ ರುಜು ಹಾಕಿದೆ.